ಆ ‘ಟಿ64’ ಸುಮ್ನೆ ಬಂದದ್ದಲ್ಲ

ಉಬುಂಟು ಲಿನಕ್ಸ್ 24.04ರಲ್ಲಿ ಧ್ವನಿಗೆ ಬೇಕಾದ ಲಿಬ್‌ಅಸೌಂಡ್2 ಎಂಬ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಇನ್‌ಸ್ಟಾಲ್ ಮಾಡಲು ಹೋದರೆ, ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ಒಪ್ಪುವುದಿಲ್ಲ. ಆ ಹೆಸರು ಈಗ ಬರೀ ವರ್ಚುವಲ್ ಪ್ಯಾಕೇಜ್, ಅಂದರೆ ಒಳಗೆ ಏನೂ ಇಲ್ಲದ ಹೆಸರು. ನಿಜವಾದದ್ದು ಲಿಬ್‌ಅಸೌಂಡ್2ಟಿ64. ‘ಚೆನ್ನಾಗಿದ್ದ ಹೆಸರನ್ನು ಯಾಕೆ ಕೆಡಿಸಿದರು’ ಎಂದು ಬೈಯುವವರನ್ನು ಕಂಡಾಗಲೆಲ್ಲ ನನಗೆ ಬೇಜಾರಾಗುತ್ತದೆ. ಆ ಮೂರು ಅಕ್ಷರದ ಹಿಂದೆ ಎಷ್ಟೊಂದು ಜನರ ದುಡಿಮೆ ಇದೆ!

ಹಳೆಯ 32 ಬಿಟ್ ಲಿನಕ್ಸ್ ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ. 32 ಬಿಟ್‌ನಲ್ಲಿ ಆ ಎಣಿಕೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಅದಕ್ಕೇ ಉಬುಂಟುವಿಗೆ ಮೂಲವಾದ ಡೆಬಿಯನ್‌ನವರು ಸಮಯ ಇಡುವ ಜಾಗವನ್ನು 4 ಬೈಟ್‌ನಿಂದ 8 ಬೈಟ್‌ಗೆ, ಅಂದರೆ 64 ಬಿಟ್‌ಗೆ, ಹಿಗ್ಗಿಸಲು ಹೊರಟರು. ‘ಟಿ64’ ಅದರ ಗುರುತು.

ತೊಡಕು ಶುರುವಾಗುವುದು ಇಲ್ಲೇ. ಒಂದೇ ಲೈಬ್ರರಿಯನ್ನು ಹತ್ತಾರು ಪ್ರೋಗ್ರಾಂಗಳು ಹಂಚಿಕೊಂಡು ಬಳಸುತ್ತವೆ. ಲೈಬ್ರರಿ 8 ಬೈಟ್ ಬರೆಯುತ್ತದೆ, ಹಳೆಯ ಪ್ರೋಗ್ರಾಂ 4 ಬೈಟ್ ಜಾಗ ಮಾತ್ರ ಇಟ್ಟಿರುತ್ತದೆ. ಉಳಿದ 4 ಬೈಟ್ ಪಕ್ಕದ ಡೇಟಾದ ಮೇಲೆ ಬೀಳುತ್ತದೆ. ಕ್ರ್ಯಾಶ್ ಆದರೆ ಪುಣ್ಯ, ಗೊತ್ತಾದರೂ ಆಗುತ್ತದೆ. ಆಗದೆ ತಪ್ಪು ಲೆಕ್ಕದಲ್ಲೇ ಓಡುತ್ತಿದ್ದರೆ?

ಸಾಮಾನ್ಯವಾಗಿ ಹೀಗೆ ಹೊಂದಾಣಿಕೆ ಮುರಿದಾಗ ಲೈಬ್ರರಿ ಬರೆದವರೇ ಅದರ ಸೋನೇಮ್‌ನಲ್ಲಿರುವ (ಪ್ರೋಗ್ರಾಂ ಓಡುವಾಗ ಲೈಬ್ರರಿಯನ್ನು ಹುಡುಕುವ ಹೆಸರಿನಲ್ಲಿರುವ) ಅಂಕಿಯನ್ನು ಏರಿಸುತ್ತಾರೆ. ಆದರೆ ಇಲ್ಲಿ ಅವರು ಒಂದು ಸಾಲನ್ನೂ ಮುಟ್ಟಿರಲಿಲ್ಲ. ಅದೇ ಸೋರ್ಸ್ (ಮೂಲ ಕೋಡ್), ಅದನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ಬಿಲ್ಡ್ ಮಾಡುವ ರೀತಿ ಮಾತ್ರ ಬೇರೆ. ಡೆಬಿಯನ್ ತನ್ನಷ್ಟಕ್ಕೆ ಸೋನೇಮ್ ಬದಲಿಸಿದರೆ ಬೇರೆ ಡಿಸ್ಟ್ರೋಗಳ (ಲಿನಕ್ಸ್‌ನ ಬೇರೆ ಬೇರೆ ಬಗೆಗಳ) ಜೊತೆ ತಾಳೆಯಾಗುವುದಿಲ್ಲ. ಉಳಿದ ದಾರಿ, ಪ್ಯಾಕೇಜಿನ ಹೆಸರನ್ನು ಟಿ64 ಸೇರಿಸಿ ಬದಲಿಸಿ, ಅದನ್ನು ನೆಚ್ಚಿಕೊಂಡ ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡುವುದು. ಈ ಕೆಲಸದ ಮಧ್ಯೆಯೇ, 2024ರ ಮಾರ್ಚ್‌ನಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯಲ್ಲಿ ಕದ್ದು ಇಟ್ಟಿದ್ದ ಹಿಂಬಾಗಿಲು ಬಯಲಾಯಿತು. ಅದರಿಂದಾಗಿ ಉಬುಂಟು ತನ್ನ ಬೀಟಾವನ್ನು (ಪರೀಕ್ಷೆಯ ಆವೃತ್ತಿಯನ್ನು) ಒಂದು ವಾರ ಮುಂದೂಡಿತು.

64 ಬಿಟ್ ಪಿಸಿಯಲ್ಲಿ ಸಮಯ ಮೊದಲೇ 8 ಬೈಟ್ ಇತ್ತು. ಅಲ್ಲಿ ಬದಲಾದದ್ದು ಹೆಸರು ಮಾತ್ರ, ಹಳೆಯ ಹೆಸರನ್ನು ಕೇಳುವ ಪ್ಯಾಕೇಜುಗಳಿಗೂ ದಾರಿ ಇಟ್ಟಿದ್ದಾರೆ. ಹಳೆಯ 32 ಬಿಟ್ ಪಿಸಿಗಳ ಬಗೆಯಾದ ಐ386 ಅನ್ನು 4 ಬೈಟ್‌ನಲ್ಲೇ ಬಿಟ್ಟದ್ದಂತೂ ನನಗೆ ತುಂಬಾ ಸರಿ ಎನಿಸುತ್ತದೆ. ಸೋರ್ಸ್ ಸಿಗದ ಹಳೆಯ ಪ್ರೋಗ್ರಾಂಗಳನ್ನು ಓಡಿಸಲಿಕ್ಕೇ ಅಲ್ವಾ ಈಗ ಜನ ಅದನ್ನು ಇಟ್ಟುಕೊಂಡಿರುವುದು?

‘ಇಷ್ಟೆಲ್ಲ ಯಾಕೆ, ಬೇಕಾದ ಲೈಬ್ರರಿಗಳನ್ನು ಆ್ಯಪ್ ಒಳಗೇ ತುಂಬಿಬಿಡಿ’ ಎನ್ನುವವರಿದ್ದಾರೆ. ಕೆಲವು ಆ್ಯಪ್‌ಗಳಿಗೆ ಅದು ಸರಿಯೇ. ಆದರೆ 2014ರ ಏಪ್ರಿಲ್‌ನಲ್ಲಿ ಇಂಟರ್‌ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ ಏನಾಯಿತು? ಹಂಚಿಕೊಂಡ ಲೈಬ್ರರಿ ಇದ್ದಲ್ಲಿ ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಿ, ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ಕೋಡಿನ ತೂತು ಮುಚ್ಚಿತು. ಒಳಗೆ ತುಂಬಿಕೊಂಡ ಪ್ರತಿಗಳನ್ನು ಒಂದೊಂದಾಗಿ ಹುಡುಕಬೇಕಿತ್ತು.

ಲೈಬ್ರರಿ ಬರೆಯುವ ಗೆಳೆಯರೇ, ಒಂದು ಫಂಕ್ಷನ್ ತೆಗೆದರೂ, ಹೊರಗಿನವರು ಬಳಸುವ ಸ್ಟ್ರಕ್ಟ್‌ನ (ಡೇಟಾ ಕಟ್ಟಿನ) ಅಳತೆ ಬದಲಿಸಿದರೂ ಸೋನೇಮ್ ಏರಿಸಿ. ಬಿಡುಗಡೆಗೆ ಮುಂಚೆ ಹಳೆಯ, ಹೊಸ ಬಿಲ್ಡ್‌ಗಳನ್ನು ಹೊಂದಾಣಿಕೆ ಮುರಿದಿದೆಯೇ ಎಂದು ತೋರಿಸುವ ಎಬಿಐಡಿಫ್‌ನಲ್ಲಿ ಹೋಲಿಸಿ. ನೇರವಾಗಿ ಬೈನರಿ ಕೊಡುವವರು, ನೀವು ಬೆಂಬಲಿಸುವ ಡಿಸ್ಟ್ರೋಗಳಲ್ಲೇ ಹಳೆಯದರಲ್ಲಿ ಬಿಲ್ಡ್ ಮಾಡಿ. ಲಿನಕ್ಸ್‌ನ ತಳಹದಿ ಲೈಬ್ರರಿ ಜಿಲಿಬ್‌ಸಿಯ ಹಳೆಯ ಆವೃತ್ತಿಗೆ ಕಟ್ಟಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ. ಹೊಸದರಲ್ಲಿ ಕಟ್ಟಿದ್ದನ್ನು ಹಳೆಯದರಲ್ಲಿ ಓಡಿಸಲು ಹೋದರೆ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬಂಥ ಸಾಲು ಬಂದು ನಿಲ್ಲುತ್ತದೆ. ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಆ ಸಾಲು ಓದಿ ಏನೂ ಮಾಡಲಾಗುವುದಿಲ್ಲ.