ಡಿವೈಸ್‌ಗಳು ಕೈಸನ್ನೆಗೇ ಕೆಲಸ ಮಾಡ್ಬೇಕಾ? ಪರ-ವಿರೋಧ

ಪರ

ಟಚ್‌ಸ್ಕ್ರೀನ್ ಇರುವಾಗ ಕೈಸನ್ನೆ ಯಾಕೆ ಅನ್ನೋರು ಒದ್ದೆ ಕೈಯಲ್ಲಿ ಫೋನ್ ಮುಟ್ಟಿ ನೋಡ್ಲಿ, ಬೆರಳು ಯಾವ್ದು ನೀರು ಯಾವ್ದು ಅಂತ ಅದಕ್ಕೆ ಗೊತ್ತಾಗದೆ ಎಲ್ಲೆಲ್ಲೋ ಒತ್ಕೊಂಡು ಹೋಗುತ್ತೆ. ಆಪರೇಷನ್ ಮಧ್ಯೆ ಇರೋ ಡಾಕ್ಟರಂತೂ ಸ್ಕ್ಯಾನ್ ನೋಡೋಕೆ ಮೌಸ್ ಮುಟ್ಟೋ ಹಾಗೇ ಇಲ್ಲ, 2010ರಲ್ಲಿ ಗೇಮಿಗೆ ಅಂತ ಬಂದ, ಮೈ-ಕೈ ಆಡೋದನ್ನ ಗುರುತಿಸೋ ಕಿನೆಕ್ಟ್ ಕ್ಯಾಮೆರಾನ ಆಪರೇಷನ್ ಥಿಯೇಟರಲ್ಲೂ ಟ್ರೈ ಮಾಡಿದ್ದು ಇದಕ್ಕೇ.

ನಂಗೆ ತುಂಬಾ ಹಿಡಿಸಿದ್ದು ಮಾತ್ರ ವಾಚಿನ ವಿಷ್ಯ. ಹೆಬ್ಬೆರಳು ತೋರುಬೆರಳು ಎರಡು ಸಲ ತಟ್ಟಿದ್ರೆ ಮಣಿಕಟ್ಟು ಸಣ್ಣಗೆ ಅದುರುತ್ತೆ, ರಕ್ತದ ಹರಿವೂ ಚೂರು ಬದಲಾಗುತ್ತೆ, ಅದುರಿದ್ದನ್ನ ಆಕ್ಸಿಲರೋಮೀಟರು ಗೈರೋಸ್ಕೋಪು ಅನ್ನೋ ಚಲನೆ ಅಳೆಯೋ ಸೆನ್ಸರುಗಳು ಹಿಡಿಯುತ್ವೆ, ರಕ್ತದ್ದನ್ನ ಹಾರ್ಟ್‌ರೇಟ್ ಸೆನ್ಸರು. 2023ರ ಆಪಲ್ ವಾಚಲ್ಲಿ ಇದನ್ನೇ ಡಬಲ್ ಟ್ಯಾಪ್ ಅಂತ ಎಲ್ಲರಿಗೂ ಕೊಟ್ರು, ಆದ್ರೆ 2021ರಲ್ಲೇ ಅಸಿಸ್ಟಿವ್‌ಟಚ್ ಹೆಸರಲ್ಲಿ ಚಿವುಟೋದು, ಮುಷ್ಟಿ ಹಿಡಿಯೋದು ಬಂದಿತ್ತು, ಅದೂ ಒಂದು ಕೈ ಇಲ್ಲದೋರಿಗೆ ಅಂತ! ವಾಚ್ ಕಟ್ಟಿದ ಕೈಯಿಂದಲೇ ಅದನ್ನ ಓಡಿಸೋಕಾಗೋದು ಅವರಿಗೆ ಎಷ್ಟು ದೊಡ್ಡ ವಿಷ್ಯ ಯೋಚ್ನೆ ಮಾಡಿ. ಈಗ ಸ್ನಾಯುಗಳ ವಿದ್ಯುತ್ ಸಿಗ್ನಲನ್ನೇ ಓದೋ ಇಎಂಜಿ ಬ್ಯಾಂಡ್‌ಗಳೂ ಬಂದಿವೆ, 2025ರಲ್ಲಿ ಮೆಟಾ ತನ್ನ ಡಿಸ್‌ಪ್ಲೇ ಕನ್ನಡಕದ ಜೊತೆ ಒಂದನ್ನ ಬಿಟ್ತು, ಕೈ ಎತ್ತೋದೇ ಬೇಡ.

ವಿರೋಧ

ಡೆಮೋದಲ್ಲಿ ಚೆನ್ನಾಗೇ ಕಾಣುತ್ತೆ. ಗಾಳಿಯಲ್ಲಿ ಕೈ ಚಾಚ್ಕೊಂಡು ಸ್ವಲ್ಪ ಹೊತ್ತು ಕೆಲಸ ಮಾಡಿ, ಭುಜ ಸೋತು ಬರುತ್ತೆ, ಇದಕ್ಕೆ ಗೊರಿಲ್ಲಾ ಆರ್ಮ್ ಅಂತ ಹೆಸರೇ ಇದೆ. ಬಟನ್ ಒತ್ತಿದ್ರೆ ಒತ್ತಿದ್ದು ಬೆರಳಿಗೇ ತಿಳಿಯುತ್ತೆ, ಗಾಳಿಯಲ್ಲಿ ಏನೂ ತಿಳಿಯಲ್ಲ, ಕೇಳಿಸ್ತೋ ಇಲ್ವೋ ಅಂತ ಕಿವುಡರ ಮುಂದೆ ನಿಂತ ಹಾಗೆ ಮತ್ತೆ ಮತ್ತೆ ಕೈ ಆಡಿಸ್ತಾನೇ ಇರ್ಬೇಕು. ಇನ್ನೊಂದು ಕಡೆ, ಪಕ್ಕದವರ ಹತ್ರ ಮಾತಾಡ್ತಾ ಕೈ ಬೀಸಿದ್ರೂ ಅದನ್ನ ಕಮಾಂಡ್ ಅಂದ್ಕೊಂಡ್ಬಿಡಬಹುದು.

ಗೂಗಲ್ 2019ರ ಪಿಕ್ಸೆಲ್ 4ರಲ್ಲಿ ಸೋಲಿ ಅನ್ನೋ ಪುಟಾಣಿ ರೇಡಾರ್ ಹಾಕಿ, ಕೈ ಬೀಸಿದ್ರೆ ಹಾಡು ಬದಲಾಗೋ ಹಾಗೆ ಮಾಡ್ತು, ಮುಂದಿನ ವರ್ಷದ ಪಿಕ್ಸೆಲ್ 5ರಲ್ಲಿ ಅದೇ ಇಲ್ಲ. ಅಭ್ಯಾಸ ಮಾಡ್ಕೊಂಡೋರ ಗತಿ? ಬಟನ್ ಕಣ್ಣಿಗೆ ಕಾಣುತ್ತೆ, ಸನ್ನೆ ಕಾಣಲ್ಲ, ಯಾರಾದ್ರೂ ಹೇಳ್ಕೊಡ್ಲೇಬೇಕು, ಕಂಪನಿಗೊಂದು ಸನ್ನೆ ಬೇರೆ. ಕೈ ನಡುಗೋ ವಯಸ್ಸಾದೋರಿಗೆ ಇದು ಇನ್ನೂ ಕಷ್ಟ.

ನನಗೆ ನಿಜಕ್ಕೂ ಚಿಂತೆ ಇರೋದು ಡೇಟಾ ಬಗ್ಗೆ. ಸನ್ನೆ ಹಿಡಿಯೋಕೆ ಸೆನ್ಸರ್ ಕಾಯ್ತಾನೇ ಇರ್ಬೇಕು, ಮಣಿಕಟ್ಟಿನ ಆ ಸಿಗ್ನಲಲ್ಲಿ ನಮ್ಮ ನಾಡಿ, ನಡುಕ ಎಲ್ಲಾ ಇರುತ್ತೆ. ಅದು ಡಿವೈಸಲ್ಲೇ ಉಳಿಯುತ್ತಾ ಸರ್ವರಿಗೆ ಹೋಗುತ್ತಾ ಅಂತ ಡಬ್ಬದ ಮೇಲೇ ಬರೀಬೇಕು. ಅಲ್ಲೀವರೆಗೂ ಸನ್ನೆ ಬೇಕಾದೋರು ಆನ್ ಮಾಡ್ಕೊಳ್ಳಲಿ, ಬಟನ್ ಮಾತ್ರ ತೆಗೀಬೇಡಿ.