ಮೊಸಳೆ ಮೊಟ್ಟೆಗೆ ನಾವು ಕಾವು ಕೊಡಬೇಕಾ?

ಪರ

ರಾಯಚೂರಿನ ಬಿಸಿಲಿನ ಬಗ್ಗೆ ಹೇಳುವುದೇನಿದೆ, ಏಪ್ರಿಲ್‌ನಲ್ಲಿ ಕೃಷ್ಣೆಯ ಮರಳಲ್ಲಿ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೆದರೆ ಗೊತ್ತಾಗುತ್ತದೆ. ಅದೇ ಮರಳಲ್ಲಿ, ಮೊಳದಷ್ಟು ಆಳದಲ್ಲಿ, ಮೊಸಳೆಯ ಇಪ್ಪತ್ತೈದು ಮೂವತ್ತು ಮೊಟ್ಟೆ ಸುಮಾರು ಎರಡು ತಿಂಗಳು ಇರುತ್ತವೆ. ಮರಿ ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುವುದು ಆ ಕುಳಿಯ ಶಾಖ. 31 ಡಿಗ್ರಿ ಅಥವಾ ಕಡಿಮೆ ಇದ್ದರೆ ಎಲ್ಲ ಹೆಣ್ಣು. 32.5ರ ಹತ್ತಿರ ಗಂಡು. 33ಕ್ಕೆ ಮತ್ತೆ ಹೆಣ್ಣು ಬೆರೆಯುತ್ತವೆ. ಇನ್ನೂ ಏರಿದರೆ ಮೊಟ್ಟೆಯೊಳಗೇ ಸಾವು.

ಇದು ಸುಮ್ನೆ ಹೆದರಿಸುವ ಮಾತಲ್ಲ. ಕಡಲಾಮೆಗಳಲ್ಲಿ ಬಿಸಿ ಮರಳಿಗೆ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದ ಎಳೆಯ ಹಸಿರು ಆಮೆಗಳಲ್ಲಿ ನೂರಕ್ಕೆ 99 ಹೆಣ್ಣು ಅಂತ 2018ರಲ್ಲೇ ವರದಿಯಾಯಿತು.

ಮೊದಲು ತಾಯಿ ಮೊಸಳೆ ಪೊದೆ, ನೆರಳು, ಎತ್ತರದ ದಂಡೆ ನೋಡಿ ಜಾಗ ಆರಿಸುತ್ತಿತ್ತು. ನಾವು ಮರಳನ್ನು ಲಾರಿಗೆ ತುಂಬಿ, ಪೊದೆ ಕಡಿದು, ಹೊಳೆಯ ಅಂಚಿನವರೆಗೆ ನೆಲ್ಲು ಹಾಕಿ, ಈಗ "ಪ್ರಕೃತಿ ನೋಡ್ಕೊಳ್ತದೆ ಬಿಡ್ರಿ" ಅಂದರೆ ಹೇಗೆ? ಮೊಟ್ಟೆ ತಂದು ಮರಿ ಮಾಡುವುದು ಹೊಸದೇನಲ್ಲ. ಭಾರತದಲ್ಲಿ 1975ರಿಂದ ಮೊಸಳೆ ಯೋಜನೆ ನಡೆದದ್ದೇ ಹಾಗೆ.

ವಿರೋಧ

ಅದೆಲ್ಲ ಸರಿ. ಆದರೆ ಮೊಟ್ಟೆಯನ್ನು ತೆಗೆಯುವಾಗ ಮಗುಚಿದರೆ ಒಳಗಿನ ಪಿಂಡ ಸಾಯಬಹುದು, ಅದು ಮೇಲ್ಭಾಗದ ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಪೆನ್ಸಿಲ್ ಗುರುತು ಹಾಕಿ, ತಿರುಗದಂತೆ ಎತ್ತಬೇಕು. ಆಮೇಲೆ ಕಾವು ಪೆಟ್ಟಿಗೆ ಒಂದು ಡಿಗ್ರಿ ತಪ್ಪಿದರೂ ಪೂರ್ತಿ ಗೂಡು ಒಂದೇ ಲಿಂಗ ಆಗಿಬಿಡಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಇರುತ್ತೆ ಅಂತ ಬಿಡಿಸಿ ಹೇಳಬೇಕಾ?

ನನಗೆ ದೊಡ್ಡದಾಗಿ ಕಾಣುವ ಕಾರಣ ಬೇರೆ. ಮೊಸಳೆ ದಶಕಗಟ್ಟಲೆ ಬದುಕುತ್ತದೆ, ಹೆಣ್ಣು ಆರು ವರ್ಷದ ಸುಮಾರಿಗೆ ಮೊಟ್ಟೆ ಇಡಲು ಶುರುಮಾಡಿದರೆ ಮುಂದೆ ಎಷ್ಟೋ ವರ್ಷ ಇಡುತ್ತಲೇ ಇರುತ್ತದೆ. ಒಂದೆರಡು ಬಿರುಬೇಸಿಗೆಯ ಗೂಡು ಕೆಟ್ಟರೂ ಅದು ತಡೆಯುತ್ತದೆ, ಅದರ ಆಯಸ್ಸೇ ಅದಕ್ಕೆ ಇರುವ ಆಸ್ತಿ. ಬಲೆಗೆ ಸಿಕ್ಕಿ ದೊಡ್ಡ ಮೊಸಳೆ ಸತ್ತರೆ ಮಾತ್ರ ಆ ನಷ್ಟ ತುಂಬುವುದಿಲ್ಲ. (ಪ್ರತಿ ವರ್ಷವೂ ಬಿರುಬೇಸಿಗೆಯೇ ಆದರೆ? ಆಗ ನನ್ನ ವಾದ ಸಡಿಲ, ಒಪ್ಪುತ್ತೇನೆ.)

ಇನ್ನೊಂದು, ಮರಿಗಳು ಒಳಗಿಂದ ಕೂಗಿದಾಗ ತಾಯಿ ಬಂದು ಮರಳು ಕೆದರಿ, ಬಾಯಲ್ಲಿ ಹಿಡಿದು ನೀರಿಗೆ ಬಿಡುತ್ತದೆ. ಆ ಕೆಲಸ ಯಾವ ಪೆಟ್ಟಿಗೆ ಮಾಡುತ್ತೆ? ಬೆಳೆಸಿದ ನೂರು ಮರಿಯನ್ನು ಬಟ್ಟೆ ಒಗೆಯುವ ಜಾಗದ ಹತ್ತಿರ ಬಿಟ್ಟರೆ ಊರಿನವರು ಸುಮ್ಮನಿರುತ್ತಾರಾ?

ಫೆಬ್ರವರಿಯಿಂದ ಜೂನ್‌ವರೆಗೆ ಗೂಡಿರುವ ದಂಡೆಗೆ ಟ್ರಾಕ್ಟರ್ ಇಳಿಸಬೇಡಿ. ಬಿಸಿಲು ತೀರಾ ಜೋರಾದರೆ ಬಳ್ಳಾರಿ ಜಾಲಿಯ ನಾಲ್ಕು ಗೂಟ ನೆಟ್ಟು ಮೇಲೆ ಸೋಗೆ ಹೊದಿಸಿ, ತಾಯಿ ಬರುವ ದಾರಿ ಬಿಟ್ಟು.