ಮೈನಸ್ ನಲವತ್ತು ಬಂದಿದೆಯಾ? ಬನ್ನಿ ಡಾಕ್ಟ್ರೇ, ಸೀಟಿದೆ

ಎಂಟುನೂರಕ್ಕೆ ಮೈನಸ್ ನಲವತ್ತು ಅಂಕ ಬಂದ ಡಾಕ್ಟರೂ ಸ್ಪೆಷಲಿಸ್ಟ್ ಆಗುವ ಪಿಜಿ ಸೀಟಿಗೆ ಅರ್ಹ. ಸುದ್ದಿ ನೀವೂ ಓದಿದ್ದೀರಿ, ಫ್ಯಾಮಿಲಿ ಗ್ರೂಪಿಗೆ ಬಂದ ಮೀಮ್ ನೋಡಿ ನಕ್ಕೂ ಆಗಿದೆ. ನನಗೆ ಮಾತ್ರ ಇನ್ನೂ ಆ ನಂಬರು ತಲೆಯಿಂದ ಇಳಿಯುತ್ತಿಲ್ಲ.

ಎರಡು ಸುತ್ತಿನ ಕೌನ್ಸೆಲಿಂಗ್ ಮುಗಿದ ಮೇಲೂ ದೇಶದಲ್ಲಿ 18 ಸಾವಿರಕ್ಕೂ ಜಾಸ್ತಿ ಮೆಡಿಕಲ್ ಪಿಜಿ ಸೀಟು ಉಳಿದವು. 2026ರ ಜನವರಿಯಲ್ಲಿ, ಎಂಬಿಬಿಎಸ್ ಮುಗಿಸಿದವರು ಈ ಸೀಟಿಗಾಗಿ ಬರೆಯುವ ಪರೀಕ್ಷೆ ನೀಟ್ ಪಿಜಿಯ ಕಟ್‌ಆಫ್ ಇಳಿಸಿದರು. ಜನರಲ್‌ನವರಿಗೆ 50ನೇ ಪರ್ಸೆಂಟೈಲ್ ಇದ್ದದ್ದು 7ಕ್ಕೆ ಬಂತು, ಮೀಸಲು ವರ್ಗಕ್ಕೆ 40 ಇದ್ದದ್ದು ಸೊನ್ನೆಗೆ ಬಂತು. ಪರ್ಸೆಂಟೈಲ್ ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಿಮಗಿಂತ ಹಿಂದಿದ್ದಾರೆ ಅನ್ನುವ ಲೆಕ್ಕ. ಸೊನ್ನೆ ಪರ್ಸೆಂಟೈಲ್ ಅಂದರೆ ಏನೂ ಇಲ್ಲ, ಸಾಲಿನ ಕಟ್ಟಕಡೆಯಲ್ಲಿ ಯಾರು ನಿಂತಿದ್ದಾರೋ ಅವರ ಅಂಕ. ಈ ಸಲ ಅದು ಮೈನಸ್ 40.

ಓದಿದ ಕೂಡಲೇ "ಮೀಸಲಾತಿ ನೋಡಿ ಸ್ವಾಮಿ" ಅಂತ ಬಾಯಿ ತೆರೆದವರು ದಯವಿಟ್ಟು ಸ್ವಲ್ಪ ಮುಚ್ಚಿಕೊಳ್ಳಿ. 2023ರ ಸೆಪ್ಟೆಂಬರಿನಲ್ಲಿ ಇದೇ ಸೊನ್ನೆಯನ್ನು ಎಲ್ಲಾ ವರ್ಗದವರಿಗೂ ಒಂದೇ ನೋಟೀಸಿನಲ್ಲಿ ಹಂಚಿದ್ದರು. ಈ ದೇಶದಲ್ಲಿ ಜಾತಿ ಕೇಳದೆ ಎಲ್ಲರಿಗೂ ಸಮನಾಗಿ ಸಿಕ್ಕಿದ ಅಪರೂಪದ ಸೌಲಭ್ಯ ಅದು. ಆಗ ಯಾರೂ ಮೆರಿಟ್ ಸತ್ತುಹೋಯಿತು ಅಂತ ಮೇಣದಬತ್ತಿ ಹಿಡಿದು ಹೋದದ್ದು ನನಗಂತೂ ನೆನಪಿಲ್ಲ.

ಈಗ ಆ ಅಂಕದ ವಿಷಯಕ್ಕೆ ಬರೋಣ, ಯಾಕೆಂದರೆ ಅದು ನಿಜಕ್ಕೂ ಸಾಧನೆ. ಪರೀಕ್ಷೆಯಲ್ಲಿ 200 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಒಬ್ಬ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಚಪ್ಪಲಿ ಬೆಲ್ಟು ಎಲ್ಲಾ ಚೆಕ್ ಮಾಡಿಸಿಕೊಂಡು, ಕಂಪ್ಯೂಟರಿನ ಮುಂದೆ ಕೂತು ಮೂರೂವರೆ ಗಂಟೆ ನಿದ್ದೆ ಹೊಡೆದ ಅನ್ನಿ. ಅವನಿಗೆ ಸೊನ್ನೆ. ಅಂದರೆ ಮೈನಸ್ 40 ಬಂದವರಿಗಿಂತ 40 ಅಂಕ ಮುಂದೆ. ಇನ್ನೊಬ್ಬ ಪ್ರಶ್ನೆಯನ್ನೇ ಓದದೆ ಇನ್ನೂರಕ್ಕೂ 'ಸಿ' ಒತ್ತಿಕೊಂಡು ಬಂದ. ನಾಲ್ಕು ಆಯ್ಕೆಯಲ್ಲಿ ಒಂದು ಸರಿ ಇದ್ದೇ ಇರುತ್ತದೆ, ಹಾಗಾಗಿ ಸುಮಾರು 50 ಸರಿ, 150 ತಪ್ಪು. ಇನ್ನೂರರಲ್ಲಿ ನೂರೈವತ್ತು ಕಳೆಯಿರಿ, ಪ್ಲಸ್ 50! ಏನೂ ಗೊತ್ತಿಲ್ಲದವನಿಗೆ ಐವತ್ತು ಸಿಗುವ ಪರೀಕ್ಷೆ ಇದು. ಎಲ್ಲಾ ಪ್ರಶ್ನೆಗೂ ಉತ್ತರ ಕೊಟ್ಟು ಮೈನಸ್ 40 ತೆಗೆಯಬೇಕು ಅಂದರೆ 168 ತಪ್ಪು ಮಾಡಬೇಕು. ಇದು ಸುಮ್ನೆ ಆಗುವ ಕೆಲಸವಲ್ಲ. ಏನೂ ಗೊತ್ತಿಲ್ಲದಿದ್ದರೆ ಸಾಲದು, ತಪ್ಪಾಗಿ ಗೊತ್ತಿರಬೇಕು, ಅದೂ ಪೂರ್ತಿ ಧೈರ್ಯದಿಂದ. ಈ ಪ್ರತಿಭೆ ಇರುವವರನ್ನು ಇಷ್ಟು ದಿನ ನಾವು ಟಿವಿ ಚರ್ಚೆಗಳಿಗೆ ಕಳಿಸುತ್ತಿದ್ದೆವು, ಪಾಪ, ಅಲ್ಲಿ ಪೇಷೆಂಟ್‌ಗಳು ಇರಲಿಲ್ಲ.

ಪಾಪದ ಆ ಅಭ್ಯರ್ಥಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಜ್ವರ ಬಂದಿರಬಹುದು, ಇಂಟರ್ನ್‌ಶಿಪ್ಪಿನಲ್ಲಿ ರಾತ್ರಿಯಿಡೀ ಡ್ಯೂಟಿ ಮಾಡಿ ಬಂದು ಬರೆದಿರಬಹುದು, ಮನೆಯವರ ಕಾಟಕ್ಕೆ ಬರೆದಿರಬಹುದು. ಪರೀಕ್ಷೆ ಕೆಡುವುದು ಎಲ್ಲರ ಬಾಳಿನಲ್ಲೂ ಇದ್ದದ್ದೇ. ನನಗೆ ಕುತೂಹಲ ಇರುವುದು ಆ ಅಂಕ ನೋಡಿ "ಅರ್ಹ" ಅಂತ ಸೀಲ್ ಒತ್ತಿದ ಮೇಜಿನ ಬಗ್ಗೆ.

ಯಾಕೆಂದರೆ ಇದೇ ದೇಶದಲ್ಲಿ ಬೇರೆ ಮೇಜುಗಳನ್ನೂ ನೋಡಿದ್ದೇನೆ. ನಮ್ಮ ಅಕ್ಕನ ಮಗಳು ಬಿಎ ಮುಗಿಸಿ ಎಂಎ ಕನ್ನಡಕ್ಕೆ ಸೇರಲು ಹೊರಟಳು. ಅಂಕ ಚೆನ್ನಾಗಿಯೇ ಇತ್ತು. ಓದಿದ್ದು ಒಂದು ವಿಶ್ವವಿದ್ಯಾಲಯ, ಸೇರಬೇಕಾದದ್ದು ಇನ್ನೊಂದು, ಎರಡೂ ಕರ್ನಾಟಕದಲ್ಲೇ ಇವೆ, ಮಧ್ಯೆ ಬಸ್ಸು ಓಡಾಡುತ್ತದೆ. ಆದರೂ ಮೈಗ್ರೇಷನ್ ಸರ್ಟಿಫಿಕೇಟ್, ಅಂದರೆ ಹಳೇ ವಿಶ್ವವಿದ್ಯಾಲಯ ಬಿಟ್ಟುಕೊಟ್ಟ ಪತ್ರ, ಬೇಕು. ಅದಕ್ಕೆ ಅರ್ಜಿ ಹಾಕಲು ಕೊನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು ಬೇಕು. ಮಾರ್ಕ್ಸ್ ಕಾರ್ಡು ಇನ್ನೂ ಪ್ರಿಂಟಾಗಿಲ್ಲ, ಡಿಜಿಲಾಕರ್‌ನಲ್ಲಿ ಮಾತ್ರ ಇದೆ. ಡಿಜಿಲಾಕರ್ ದಾಖಲೆ ಅಸಲಿಗೆ ಸಮ ಅಂತ ಕೇಂದ್ರ ಸರ್ಕಾರವೇ 2017ರಲ್ಲಿ ನಿಯಮ ಮಾಡಿದೆ. ಕೌಂಟರಿನ ಹಿಂದೆ ಕೂತವರಿಗೆ ಆ ನಿಯಮ ಇನ್ನೂ ಪೋಸ್ಟಿನಲ್ಲಿ ಬಂದಿಲ್ಲ.

"ಒರಿಜಿನಲ್ ಎಲ್ಲಮ್ಮಾ?"

"ಸರ್, ಡಿಜಿಲಾಕರ್‌ನಲ್ಲಿ ಇದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಬರುತ್ತೆ."

"ಅದು ಫೋನಲ್ಲಿರೋದು. ನಾನು ಕೇಳ್ತಿರೋದು ಒರಿಜಿನಲ್ಲು. ಜೆರಾಕ್ಸ್ ಆದ್ರೂ ತಗೊಂಡ್ ಬಾ, ಅಟೆಸ್ಟ್ ಮಾಡಿಸ್ಕೊಂಡು."

ಫೋನಿನಲ್ಲಿ ಇರುವುದರ ಜೆರಾಕ್ಸ್ ತೆಗೆದು, ಅದಕ್ಕೆ ಗೆಜೆಟೆಡ್ ಆಫೀಸರ್ ಹತ್ತಿರ ಹಸಿರು ಇಂಕಿನಲ್ಲಿ ಸಹಿ ಹಾಕಿಸಿಕೊಂಡು ಬಂದರೆ ಅದು ಅಸಲಿಗೆ ಹತ್ತಿರವಾಗುತ್ತದೆ. ಸ್ವಯಂ ದೃಢೀಕರಣ ಸಾಕು ಅಂತ ಕೇಂದ್ರ ಸರ್ಕಾರ 2014ರಲ್ಲೇ ಹೇಳಿತ್ತು. ಇರಲಿ, ಹಸಿರು ಇಂಕಿನ ಪೆನ್ನು ಮಾರುವವರೂ ಬದುಕಬೇಕಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಡಿಗ್ರಿಯಲ್ಲಿ ಹಿಂದಿದೆ. ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಬೇಕು. ಮಧ್ಯೆ ಒಂದು ವರ್ಷ ಅಪ್ಪನ ಆಪರೇಷನ್ ಅಂತ ಓದು ಬಿಟ್ಟಿದ್ದಳು, ಅದಕ್ಕೆ ಗ್ಯಾಪ್ ಅಫಿಡವಿಟ್. ನಿಮಗೆ ಇದರ ಅನುಭವ ಇಲ್ಲದಿದ್ದರೆ ಹೇಳುತ್ತೇನೆ, ಬಹಳ ಚೆನ್ನಾಗಿರುತ್ತದೆ. ಕೋರ್ಟಿನ ಎದುರು ಟೈಪಿಸ್ಟ್ ಹತ್ತಿರ ಹೋದರೆ ಅವರ ಕಂಪ್ಯೂಟರಿನಲ್ಲಿ ಮ್ಯಾಟರ್ ರೆಡಿ ಇರುತ್ತದೆ, ಹೆಸರು ಮತ್ತು ಇಸವಿ ಬದಲಾಯಿಸಿ ಛಾಪಾ ಕಾಗದದ ಮೇಲೆ ಪ್ರಿಂಟ್ ಹೊಡೆಯುತ್ತಾರೆ. ಸದರಿ ಅವಧಿಯಲ್ಲಿ ನಾನು ಯಾವ ಕೋರ್ಸಿಗೂ ಸೇರಿರುವುದಿಲ್ಲ, ಯಾವ ಕ್ರಿಮಿನಲ್ ಪ್ರಕರಣದಲ್ಲೂ ಭಾಗಿಯಾಗಿರುವುದಿಲ್ಲ, ಮನೆಯಲ್ಲೇ ಇದ್ದೆನು. ಮನೆಯಲ್ಲೇ ಇದ್ದೆನು! ಇದನ್ನು ನೋಟರಿ ಮುಂದೆ ಪ್ರಮಾಣ ಮಾಡಿ ಹೇಳಬೇಕು. ಇಪ್ಪತ್ತೊಂದು ವರ್ಷದ ಹುಡುಗಿ ಒಂದು ವರ್ಷ ಮನೆಯಲ್ಲಿದ್ದು ಅಪ್ಪನಿಗೆ ಗಂಜಿ ಕಾಯಿಸಿದ್ದು ಕಾನೂನಿನ ಕಣ್ಣಿಗೆ ಅಷ್ಟೊಂದು ಅನುಮಾನದ ವಿಷಯ. ಆಮೇಲೆ ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್, ಅದಕ್ಕೆ ನಾಡಕಚೇರಿ. ಗ್ರಾಮೀಣ ಅಭ್ಯರ್ಥಿ ಅನ್ನುವುದಕ್ಕೆ ಒಂದು ನಮೂನೆ, ಕನ್ನಡ ಮಾಧ್ಯಮ ಅನ್ನುವುದಕ್ಕೆ ಇನ್ನೊಂದು ನಮೂನೆ. ಎಂಎ ಕನ್ನಡಕ್ಕೆ ಸೇರುವವಳು ತಾನು ಕನ್ನಡದಲ್ಲಿ ಓದಿದ್ದು ನಿಜ ಅಂತ ಹೆಡ್‌ಮಾಸ್ಟರ ಸೀಲ್ ತರಬೇಕು. ಸೀಲು ಸ್ವಲ್ಪ ಮಸುಕಾಗಿದ್ದಕ್ಕೆ ವಾಪಸ್ ಕಳಿಸಿದರು ಕೂಡ.

ಅಲ್ಲಿ ಯಾರೂ "ಪರವಾಗಿಲ್ಲ ಬಿಡಮ್ಮ, ಎಂಎಗೆ ಈ ಸಲ ಬಂದಿರುವವರೇ ಕಡಿಮೆ, ಸೀಟು ಉಳಿದಿದೆ, ಮೈಗ್ರೇಷನ್ ಸೊನ್ನೆ ಇದ್ದರೂ ಅಡ್ಜಸ್ಟ್ ಮಾಡೋಣ" ಅನ್ನಲಿಲ್ಲ. ಎಷ್ಟೋ ವಿಷಯಗಳಲ್ಲಿ ಎಂಎ ಸೀಟು ಖಾಲಿ ಹೊಡೆಯುತ್ತಿವೆ, ಆದರೆ ಎಂಎ ಸೀಟು ಉಳಿದರೆ ಯಾರಿಗೂ ಕೋಟಿ ರೂಪಾಯಿ ನಷ್ಟ ಆಗುವುದಿಲ್ಲ ನೋಡಿ. ವಿಷಯ ಇರುವುದೇ ಅಲ್ಲಿ.

ಮೆಡಿಕಲ್ ಪಿಜಿಯಲ್ಲಿ ಸೀಟು ಎರಡು ಕಾರಣಕ್ಕೆ ಉಳಿಯುತ್ತದೆ. ಒಂದು, ಅನಾಟಮಿ, ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ ಇಂಥವು ಯಾರಿಗೂ ಬೇಡ. ಅದರಲ್ಲಿ ಕ್ಲಿನಿಕ್ ಇಡಲು ಆಗುವುದಿಲ್ಲ, ಮೇಷ್ಟರಾಗಬೇಕು, ಮೇಷ್ಟರಿಗೆ ಸಂಬಳ ಎಷ್ಟು ಅಂತ ಎಲ್ಲರಿಗೂ ಗೊತ್ತು. ಎರಡು, ಎಲ್ಲರಿಗೂ ಬೇಕು ಆದರೆ ಫೀಸು ಕಟ್ಟಲು ಆಗುವುದಿಲ್ಲ. ಡೀಮ್ಡ್ ಕಾಲೇಜಿನಲ್ಲಿ, ಅಂದರೆ ವಿಶ್ವವಿದ್ಯಾಲಯದ ಸ್ಥಾನ ಇರುವ ಖಾಸಗಿ ಕಾಲೇಜಿನಲ್ಲಿ, ರೇಡಿಯಾಲಜಿ, ಚರ್ಮರೋಗದಂಥ ಸೀಟಿಗೆ ಮೂರು ವರ್ಷದ ಲೆಕ್ಕ ಹಿಡಿದರೆ ಕೋಟಿ ದಾಟುತ್ತದೆ. ಒಳ್ಳೇ ರ‍್ಯಾಂಕ್ ಬಂದ ಹಳ್ಳಿ ಕಡೆಯ ಡಾಕ್ಟರ್ ಆ ಫೀಸಿನ ಪಟ್ಟಿ ನೋಡಿ ಲ್ಯಾಪ್‌ಟಾಪ್ ಮುಚ್ಚಿ ಮುಂದಿನ ವರ್ಷ ಮತ್ತೆ ಬರೆಯುತ್ತಾನೆ. ಸೀಟು ಖಾಲಿ ಇರುತ್ತದೆ. ಕಾಲೇಜಿನವರಿಗೆ ಹೊಟ್ಟೆ ಉರಿಯುತ್ತದೆ. ದೆಹಲಿಗೆ ಅರ್ಜಿ ಹೋಗುತ್ತದೆ, ರಾಷ್ಟ್ರೀಯ ಸಂಪನ್ಮೂಲ ವ್ಯರ್ಥ ಆಗುತ್ತಿದೆ ಅನ್ನುವ ದೊಡ್ಡ ಮಾತು ಬರುತ್ತದೆ, ಕಟ್‌ಆಫ್ ಇಳಿಯುತ್ತದೆ.

ಸಂತೆ ಮುಗಿಯುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಉಳಿದರೆ ಅಜ್ಜಿ ರೇಟು ಇಳಿಸುತ್ತಾಳೆ. ಹತ್ತು ರೂಪಾಯಿಗೆ ಒಂದು ಕಟ್ಟು ಇದ್ದದ್ದು ಮೂರು ಕಟ್ಟಾಗುತ್ತದೆ. ಇಲ್ಲಿ ಸೀಟು ಉಳಿದರೆ ರೇಟು ಒಂದು ಪೈಸೆ ಇಳಿಯುವುದಿಲ್ಲ, ಅಂಕ ಇಳಿಯುತ್ತದೆ. 50 ಇಳಿಯುತ್ತದೆ, 40 ಇಳಿಯುತ್ತದೆ, ಸೊನ್ನೆಯ ಕೆಳಗೂ ಇಳಿಯುತ್ತದೆ, ಫೀಸು ಮಾತ್ರ ಅಲ್ಲೇ ಕಲ್ಲುಬಂಡೆ. ಹಾಗಾಗಿ ಇದು ಅಂಕದ ವಿಷಯವೇ ಅಲ್ಲ. ಕಡಿಮೆ ಅಂಕದವರಲ್ಲಿ ದುಡ್ಡು ಯಾರ ಹತ್ತಿರ ಇದೆ ಅಂತ ಹುಡುಕಿಕೊಂಡು ಹೋಗುವ ದಾರಿ.

ಹೀಗೆ ಹುಡುಕುವ ಕಲೆ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 2021ರ ಫೆಬ್ರವರಿಯಲ್ಲಿ ಬೆಂಗಳೂರು, ಮಂಗಳೂರು ಕಡೆಯ ಮೆಡಿಕಲ್ ಕಾಲೇಜು ನಡೆಸುವ ಟ್ರಸ್ಟ್‌ಗಳ ಮೇಲೆ ಆದಾಯ ತೆರಿಗೆಯವರು ದಾಳಿ ಮಾಡಿದಾಗ ಸೀಟ್ ಬ್ಲಾಕಿಂಗ್ ದಂಧೆಯ ವಿವರ ಹೊರಬಂತು. ಒಳ್ಳೇ ರ‍್ಯಾಂಕಿನವರು ಮೊದಲು ಸೀಟು ಹಿಡಿದುಕೊಳ್ಳುವುದು, ಕೊನೇ ಗಳಿಗೆಯಲ್ಲಿ ಬಿಡುವುದು, ಉಳಿದ ಸೀಟು ಮ್ಯಾನೇಜ್‌ಮೆಂಟ್ ಕೈಗೆ ಬಂದು ಹರಾಜಾಗುವುದು. ಆ ಏಜೆಂಟರ ಶ್ರಮವನ್ನು ಒಮ್ಮೆ ಯೋಚಿಸಿ. ಬುದ್ಧಿವಂತರನ್ನು ಹುಡುಕಬೇಕು, ಅವರಿಗೆ ದುಡ್ಡು ಕೊಡಬೇಕು, ಕೊನೇ ದಿನ ಅವರು ಕೈ ಕೊಡದ ಹಾಗೆ ನೋಡಿಕೊಳ್ಳಬೇಕು. ಈಗ ಒಂದು ನೋಟೀಸು ಬಂದರೆ ಸಾಕು, ಇಷ್ಟೆಲ್ಲಾ ಒದ್ದಾಟ ಬೇಡ. ಪಾಪ, ಎಷ್ಟು ಜನರ ಕೆಲಸ ಹೋಯಿತೋ.

ಸಮರ್ಥನೆ ಮಾಡುವವರ ಬಾಯಲ್ಲಿ ಒಂದೇ ಮಾತು. ಇವರೆಲ್ಲಾ ಎಂಬಿಬಿಎಸ್ ಪಾಸಾದವರೇ ಅಲ್ವಾ, ಇದು ಬರೀ ರ‍್ಯಾಂಕ್ ಹಾಕುವ ಪರೀಕ್ಷೆ, ಅರ್ಹತೆ ಅಳೆಯುವ ಪರೀಕ್ಷೆಯಲ್ಲ. ಬಹಳ ಸರಿ. ಹಾಗಾದರೆ ಪ್ರತಿ ವರ್ಷ ಮೊದಲ ದಿನ 50 ಪರ್ಸೆಂಟೈಲ್ ಅಂತ ಬರೆಯುವುದು ಯಾಕೆ? ಆ ಗೆರೆಯ ಕೆಳಗೆ ಒಂದೇ ಅಂಕದಲ್ಲಿ ಬಿದ್ದ ಎಷ್ಟು ಜನ ಆವತ್ತೇ ಆಸೆ ಬಿಟ್ಟು ಯಾವುದೋ ನರ್ಸಿಂಗ್ ಹೋಮಿಗೆ ಡ್ಯೂಟಿ ಡಾಕ್ಟರ್ ಆಗಿ ಸೇರಿಕೊಂಡರು? ಅವರಿಗೆ ಯಾರು ಫೋನ್ ಮಾಡಿ "ಆ ಗೆರೆ ಸುಮ್ನೆ ಎಳೆದದ್ದು, ಜನವರಿ ತನಕ ಕಾಯಿರಿ" ಅಂತ ಹೇಳಿದರು?

ಇನ್ನೊಂದು ಹಳೇ ಸಂಗತಿ. 2021ರ ಪಿಜಿ ಪ್ರವೇಶದಲ್ಲಿ 1,456 ಸೀಟು ಉಳಿದಿದ್ದವು, ಇನ್ನೊಂದು ಸುತ್ತು ಕೌನ್ಸೆಲಿಂಗ್ ಮಾಡಿ ಅಂತ ಡಾಕ್ಟರುಗಳು ಸುಪ್ರೀಂ ಕೋರ್ಟಿಗೆ ಹೋದರು. ನೆನಪಿಡಿ, ಅವರು ಕೇಳಿದ್ದು ಬರೀ ಇನ್ನೊಂದು ಸುತ್ತು. ಕೇಂದ್ರ ಆಗಲ್ಲ ಅಂತು. 2022ರ ಜೂನಿನಲ್ಲಿ ಕೋರ್ಟು ಕೂಡ ಒಪ್ಪಲಿಲ್ಲ, ವೈದ್ಯಕೀಯ ಶಿಕ್ಷಣದ ಗುಣಮಟ್ಟದಲ್ಲಿ ರಾಜಿ ಮಾಡಿಕೊಂಡರೆ ಜನರ ಆರೋಗ್ಯಕ್ಕೇ ಪೆಟ್ಟು ಅನ್ನುವ ಕಾರಣ ಕೊಟ್ಟಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಅದೇ ಕೇಂದ್ರ ಸೊನ್ನೆ ಘೋಷಿಸಿತು. ಒಂದು ವರ್ಷದಲ್ಲಿ ಗುಣಮಟ್ಟಕ್ಕೆ ಎಂಥಾ ಚೇತರಿಕೆ.

ನಗು ಬಿಟ್ಟು ಹೇಳುವುದಾದರೆ ನನಗೆ ಸಾಕಾಗಿದೆ. ಅನಾಟಮಿ ತಾನೇ, ಹೆಣದ ವಿಷಯ, ಯಾರು ಬಂದರೇನು ಅನ್ನುತ್ತಾರೆ. ಆ ಅನಾಟಮಿ ಮೇಷ್ಟರ ಹತ್ತಿರ ಕಲಿತ ಹುಡುಗರೇ ನಾಳೆ ನಿಮ್ಮ ಹೊಟ್ಟೆ ಕೊಯ್ಯುವವರು. ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಹೆರಿಗೆಗೆ ಹೋದರೆ ಅರಿವಳಿಕೆ ಡಾಕ್ಟರ್ ಇಲ್ಲ, ಚೀಟಿ ಮೇಲೆ ಹೈಯರ್ ಸೆಂಟರ್ ಅಂತ ಬರೆದು ಆಂಬುಲೆನ್ಸ್ ಹತ್ತಿಸುತ್ತಾರೆ. ದೇಶಕ್ಕೆ ತಜ್ಞರು ಬೇಕು ಅಂತ ಸೀಟು ತುಂಬಿಸುವವರೇ, ಕೋಟಿ ಕಟ್ಟಿ ಚರ್ಮರೋಗ ಓದಿದವನು ಆ ಆಸ್ಪತ್ರೆಗೆ ಬರುತ್ತಾನಾ? ಬಡ್ಡಿ ಯಾರು ಕಟ್ಟುತ್ತಾರೆ? ಅವನು ಬೆಂಗಳೂರಿನಲ್ಲಿ ಲೇಸರ್ ಮಷೀನು ಹಾಕುತ್ತಾನೆ, ಹಾಕಲೇಬೇಕು, ಅವನನ್ನು ದೂರುವುದಕ್ಕೂ ಆಗುವುದಿಲ್ಲ. ಅತ್ತ 2025ರ ಪರೀಕ್ಷೆ ಜೂನಿನಿಂದ ಆಗಸ್ಟಿಗೆ ಹೋಗಿ, ಕೌನ್ಸೆಲಿಂಗ್ ಜನವರಿಯಲ್ಲೂ ಎಳೆದಾಡುತ್ತಿತ್ತು. ಹೊಸಬರು ಬರುವ ತನಕ ವಾರ್ಡಿನಲ್ಲಿ ಅವರ ಕೆಲಸವನ್ನೂ ಹಳೇ ಪಿಜಿಗಳೇ ಹೊರಬೇಕು. ಅವರ ನಿದ್ದೆ ಎಷ್ಟು ಪರ್ಸೆಂಟೈಲ್ ಇಳಿಯಿತು ಅಂತ ಯಾವ ನೋಟೀಸೂ ಬರಲಿಲ್ಲ.

ಸರ್ಕಾರ ಫೀಸಿಗೆ ಒಂದು ಕಟ್‌ಆಫ್ ಇಡಲಿ ನೋಡೋಣ. ಎರಡು ಸುತ್ತಾದ ಮೇಲೂ ಸೀಟು ಉಳಿದರೆ ಕಾಲೇಜಿನ ಫೀಸು ತಾನಾಗಿಯೇ ಅರ್ಧ, ಇನ್ನೂ ಉಳಿದರೆ ಸರ್ಕಾರಿ ಫೀಸು. 18 ಸಾವಿರ ಸೀಟಿನಲ್ಲಿ ಎಷ್ಟು ಉಳಿಯುತ್ತವೆ ಅಂತ ಆಮೇಲೆ ಎಣಿಸೋಣ. ಬಯೋಕೆಮಿಸ್ಟ್ರಿಗೆ ಆಗಲೂ ಜನ ಬರಲಿಕ್ಕಿಲ್ಲ, ಒಪ್ಪುತ್ತೇನೆ, ಅದಕ್ಕೆ ಮೇಷ್ಟರ ಸಂಬಳ ಜಾಸ್ತಿ ಮಾಡಬೇಕು. ರೇಡಿಯಾಲಜಿ ಸೀಟಿಗೆ ಮಾತ್ರ ಸಾಲು ಕಾಲೇಜಿನ ಗೇಟು ದಾಟಿ ರಸ್ತೆಗೆ ಬರುತ್ತದೆ, ಅದೂ ಪ್ಲಸ್ ಅಂಕದವರದ್ದೇ.